ಊದಿದ ನಾಲಿಗೆ, ದಿನದ ಮಾತ್ರೆ: ತಾಲ್ಲೂಕು ಆಸ್ಪತ್ರೆಯ ತುರ್ತು ಚಿಕಿತ್ಸೆ ಕುರಿತು ಒಂದು ಸಂಶೋಧನಾ ಟಿಪ್ಪಣಿ

ನಾಲಿಗೆ ದಿಢೀರನೆ ಊದಿ ಆಸ್ಪತ್ರೆಗೆ ಬಂದವರನ್ನು ಎಲ್ಲರೂ ಮೊದಲು ಕೇಳುವುದು "ಏನು ತಿಂದ್ರಿ?" ಎಂದು. ಬದನೆಕಾಯಿ ನಂಜು ಎಂದು ಒಬ್ಬರು, ಸಾರಿನಲ್ಲಿ ಹಲ್ಲಿ ಬಿದ್ದಿರಬೇಕು ಎಂದು ಇನ್ನೊಬ್ಬರು, ರಾತ್ರಿ ಹುಳ ಮುಟ್ಟಿರಬೇಕು ಎಂದು ಮತ್ತೊಬ್ಬರು ಹೇಳುತ್ತಾರೆ. ಈ ಟಿಪ್ಪಣಿಯ ವಾದ ಬೇರೆ. ಐವತ್ತು ದಾಟಿದ, ಬೀಪಿ ಇರುವ ವ್ಯಕ್ತಿಯ ನಾಲಿಗೆ ತುರಿಕೆಯಿಲ್ಲದೆ, ಮೈಮೇಲೆ ಗಂಧೆ ಏಳದೆ ಊದಿದ್ದರೆ, ನಿನ್ನೆಯ ಊಟಕ್ಕಿಂತ ಮೊದಲು ವಿಚಾರಿಸಬೇಕಾದದ್ದು ಅವರು ದಿನಾ ನುಂಗುವ ಮಾತ್ರೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿಯಲ್ಲಿರುವ ವೈದ್ಯರನ್ನೂ ದಾದಿಯರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಊಟವನ್ನು ದೂರುವುದು ಎಷ್ಟು ಸುಲಭ ಎನ್ನುವುದಕ್ಕೆ ನಮ್ಮ ರಾಜ್ಯದಲ್ಲೇ ಆಧಾರವಿದೆ. ಯೂರೋಪ್ರಿವಾಲ್ ಎಂಬ ಅಂತರರಾಷ್ಟ್ರೀಯ ಅಧ್ಯಯನದ ಅಂಗವಾಗಿ ಕರ್ನಾಟಕದ ವಯಸ್ಕರಲ್ಲಿ ನಡೆದ ಸಮೀಕ್ಷೆ 2016ರಲ್ಲಿ ಪ್ರಕಟವಾಯಿತು. ರಕ್ತ ಪರೀಕ್ಷೆಯಲ್ಲಿ ಯಾವುದಾದರೊಂದು ಆಹಾರದ ವಿರುದ್ಧ ಪ್ರತಿಕಾಯ ಕಂಡುಬಂದವರು ಶೇ. 26.5. ಆ ಆಹಾರವನ್ನು ತಿಂದಾಗ ತೊಂದರೆಯೂ ಆಗುತ್ತದೆ, ಪರೀಕ್ಷೆಯೂ ಅದನ್ನೇ ಹೇಳುತ್ತದೆ ಎನ್ನಬಹುದಾದವರು ಶೇ. 1.2 ಮಾತ್ರ. ಆಹಾರದ ಅಲರ್ಜಿ ಇಲ್ಲವೆಂದಲ್ಲ. ಶೇಂಗಾ, ಸೀಗಡಿ, ಹಾಲು ಯಾವುದಾದರೂ ಪ್ರಾಣಕ್ಕೆ ಕುತ್ತು ತರಬಹುದು. ಆದರೆ ಮೂವತ್ತು ವರ್ಷ ತಿಂದ ಬದನೆಕಾಯಿ ಇದ್ದಕ್ಕಿದ್ದಂತೆ ನಾಲಿಗೆ ಊದಿಸಿತು ಎಂದು ಬರೆದುಕೊಂಡು ಅಲ್ಲಿಗೇ ನಿಲ್ಲುವುದು ಸರಿಯಲ್ಲ.

ಊತ ಒಂದು, ಕಾರಣ ಎರಡು

ಚರ್ಮದಡಿಯ, ಲೋಳೆಪೊರೆಯಡಿಯ ಈ ಊತವನ್ನು ಜರ್ಮನಿಯ ಹೈನ್‌ರಿಕ್ ಕ್ವಿಂಕೆ 1882ರಲ್ಲಿ ವಿವರಿಸಿದರು. ಕೆಲವು ಮನೆತನಗಳಲ್ಲಿ ಇದು ಪೀಳಿಗೆಯಿಂದ ಪೀಳಿಗೆಗೆ ಬರುತ್ತದೆ ಎಂದು ವಿಲಿಯಂ ಆಸ್ಲರ್ 1888ರಲ್ಲಿ ತೋರಿಸಿದರು. ವೈದ್ಯಕೀಯದಲ್ಲಿ ಇದಕ್ಕೆ ಆಂಜಿಯೋಇಡೀಮಾ ಎನ್ನುತ್ತಾರೆ. ಸಣ್ಣ ರಕ್ತನಾಳಗಳು ಸೋರುತ್ತವೆ, ದ್ರವ ಅಂಗಾಂಶದೊಳಗೆ ತುಂಬುತ್ತದೆ. ಹಾಗೆ ಸೋರಿಸುವ ವಸ್ತು ಯಾವುದು ಎನ್ನುವುದರ ಮೇಲೆ ಚಿಕಿತ್ಸೆ ನಿಂತಿದೆ.

ಅಲರ್ಜಿಯಲ್ಲಿ ಆ ವಸ್ತು ಹಿಸ್ಟಮಿನ್. ಜೇನು ಕಚ್ಚಿದಾಗ, ಇಂಜೆಕ್ಷನ್ ಕೊಟ್ಟಾಗ, ಶೇಂಗಾ ತಿಂದಾಗ ನಿಮಿಷಗಳಲ್ಲಿ ಶುರುವಾಗುತ್ತದೆ. ಮೈ ತುರಿಸುತ್ತದೆ, ಪಿತ್ತದ ಗಂಧೆ ಏಳುತ್ತದೆ, ಉಬ್ಬಸ, ವಾಂತಿ, ತಲೆ ಸುತ್ತು ಜೊತೆಗೂಡುತ್ತವೆ. ಡೈಕ್ಲೊಫೆನಾಕ್, ಐಬುಪ್ರೊಫೇನ್‌ನಂಥ ನೋವಿನ ಔಷಧಗಳ ಬಳಿಕ ಬರುವ ಊತದಲ್ಲೂ ಹಿಸ್ಟಮಿನ್ ಪಾತ್ರ ದೊಡ್ಡದು. ಮಂಡಿ ನೋವಿಗೆಂದು ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ಎರಡು ಮಾತ್ರೆಯನ್ನು ಜನ ಮಾತ್ರೆ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದನ್ನು ಬೇರೆಯಾಗಿ ಕೇಳಬೇಕು.

ಎರಡನೆಯ ವಸ್ತು ಬ್ರಾಡಿಕೈನಿನ್. ಇದರ ಕಥೆ ಹಾವಿನ ವಿಷದಿಂದ ಆರಂಭವಾಗುತ್ತದೆ. ಬ್ರೆಜಿಲ್‌ನ ಮೌರಿಸಿಯೊ ರೋಚಾ ಇ ಸಿಲ್ವಾ ಮತ್ತು ಸಂಗಡಿಗರು ಜರಾರಾಕಾ ಎಂಬ ಮಂಡಲದ ಜಾತಿಯ ಹಾವಿನ ವಿಷವನ್ನು ಪರೀಕ್ಷಿಸುವಾಗ ಈ ವಸ್ತುವನ್ನು ಕಂಡು 1949ರಲ್ಲಿ ಪ್ರಕಟಿಸಿದರು. ಅದೇ ವಿಷದಲ್ಲಿ ಬ್ರಾಡಿಕೈನಿನ್‌ನ ಬಲ ಹೆಚ್ಚಿಸುವ ಅಂಶವೊಂದಿದೆ ಎಂದು ಸರ್ಜಿಯೊ ಫೆರೇರಾ 1965ರಲ್ಲಿ ತೋರಿಸಿದರು. ಆ ಅಂಶ ಮಾಡುತ್ತಿದ್ದುದು ಬ್ರಾಡಿಕೈನಿನ್ ಅನ್ನು ಒಡೆಯುವ ಕಿಣ್ವವನ್ನು ಕಟ್ಟಿಹಾಕುವ ಕೆಲಸ. ಎಸಿಇ ಎಂಬ ಅದೇ ಕಿಣ್ವ ರಕ್ತದೊತ್ತಡ ಏರಿಸುವ ಆಂಜಿಯೋಟೆನ್ಸಿನ್ ಅನ್ನೂ ತಯಾರಿಸುತ್ತದೆ. ಈ ತಿಳಿವಳಿಕೆಯಿಂದ ಕ್ಯಾಪ್ಟೊಪ್ರಿಲ್ ಬಂತು, ಅದರ ಹಿಂದೆ ಎನಲಾಪ್ರಿಲ್, ಲಿಸಿನೊಪ್ರಿಲ್, ರಾಮಿಪ್ರಿಲ್ ಬಂದವು. ಬೀಪಿ ಇಳಿಸುವ ಮಾತ್ರೆಯೇ ನಾಲಿಗೆ ಊದಿಸಬಲ್ಲದು ಎನ್ನುವುದು ಹೀಗೆ ಆ ಔಷಧದ ಹುಟ್ಟಿನಲ್ಲೇ ಇದೆ. ಒಡೆಯುವ ಕಿಣ್ವ ಕೆಲಸ ನಿಲ್ಲಿಸಿದಾಗ ಬ್ರಾಡಿಕೈನಿನ್ ಉಳಿದುಕೊಳ್ಳುತ್ತದೆ, ಕೆಲವರಲ್ಲಿ ರಕ್ತನಾಳ ಸೋರುತ್ತದೆ.

ಈ ಗುಂಪಿನ ಮಾತ್ರೆ ತಿನ್ನುವವರಲ್ಲಿ ಸಾವಿರಕ್ಕೆ 1ರಿಂದ 7 ಮಂದಿಗೆ ಇದು ಆಗುತ್ತದೆಂದು ವಿವಿಧ ಅಧ್ಯಯನಗಳ ಅಂದಾಜು. ತುಟಿ, ನಾಲಿಗೆ, ಗಂಟಲು ಇದರ ಮುಖ್ಯ ಸ್ಥಳ. ನಾಲಿಗೆಯ ಒಂದೇ ಪಕ್ಕ ಊದುವುದೂ ಉಂಟು. ತುರಿಕೆ ಇಲ್ಲ, ಗಂಧೆ ಇಲ್ಲ. ಗಂಟೆಗಟ್ಟಲೆ ನಿಧಾನವಾಗಿ ಏರುತ್ತದೆ, ಎಷ್ಟೋ ಮಂದಿಗೆ ಬೆಳಗ್ಗೆ ಎದ್ದಾಗಲೇ ಗೊತ್ತಾಗುವುದು. ಮಾತ್ರೆ ಶುರುಮಾಡಿದ ಮೊದಲ ವಾರದಲ್ಲೂ ಬರಬಹುದು, ಐದಾರು ವರ್ಷ ಏನೂ ಆಗದೆ ತಿಂದ ಮೇಲೂ ಬರಬಹುದು. "ಈ ಮಾತ್ರೆ ವರ್ಷಗಟ್ಟಲೆಯಿಂದ ತಿಂತಾ ಇದೀನಿ ಸಾರ್, ಅದರದ್ದಲ್ಲ" ಎಂದು ರೋಗಿ ಖಚಿತವಾಗಿ ಹೇಳುವುದು ಇದರಿಂದಲೇ. ಆ ಖಚಿತ ಮಾತನ್ನು ವೈದ್ಯರು ಒಪ್ಪಿಬಿಡಬಾರದು.

ಇನ್ನೊಂದು ಮರೆ ಇದಕ್ಕಿಂತ ದಟ್ಟವಾದದ್ದು. ಬ್ರಾಡಿಕೈನಿನ್‌ನ ಊತ ಸಾಮಾನ್ಯವಾಗಿ ಒಂದರಿಂದ ಮೂರು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಅಷ್ಟರೊಳಗೆ ರೋಗಿಗೆ ಅಲರ್ಜಿಯ ಇಂಜೆಕ್ಷನ್ ಏವಿಲ್ ಕೊಟ್ಟಿರುತ್ತಾರೆ, ಹೈಡ್ರೊಕಾರ್ಟಿಸೋನ್ ಅಥವಾ ಡೆಕ್ಸಾಮೆಥಸೋನ್ ಕೊಟ್ಟಿರುತ್ತಾರೆ. ಊತ ಇಳಿದಾಗ ಕೀರ್ತಿ ಇಂಜೆಕ್ಷನ್‌ಗೆ ಹೋಗುತ್ತದೆ. ಚೀಟಿಯಲ್ಲಿ 'ಅಲರ್ಜಿ' ಎಂದು ದಾಖಲಾಗುತ್ತದೆ, ಬದನೆಕಾಯಿ ನಿಲ್ಲುತ್ತದೆ, ಮಾತ್ರೆ ಮುಂದುವರಿಯುತ್ತದೆ. ಕೆಲವು ತಿಂಗಳ ಬಳಿಕ ಮತ್ತೆ ಊದುತ್ತದೆ. ಎರಡನೆಯ ಸಲ, ಮೂರನೆಯ ಸಲ ಬರುವ ಊತ ಮೊದಲಿನಷ್ಟೇ ಸೌಮ್ಯವಾಗಿರುತ್ತದೆಂಬ ಭರವಸೆ ಯಾರೂ ಕೊಡಲಾರರು. ತಡೆಯಬಹುದಾದ ಸಾವು ಅಡಗಿರುವುದು ಇಲ್ಲೇ ಎಂದು ನನಗನ್ನಿಸುತ್ತದೆ.

ಮಾತ್ರೆಯ ಹೆಸರು ಹಿಡಿಯುವುದು

"ಅಮ್ಮ, ದಿನಾ ಯಾವ ಮಾತ್ರೆ ತಗೋತೀರಾ?" ಎಂದರೆ "ಬೀಪಿದು ಒಂದು, ಶುಗರ್‌ದು ಎರಡು" ಎಂಬ ಉತ್ತರ ಬರುತ್ತದೆ. ಅದು ಸಾಲದು. ಪಟ್ಟಿಯ ಮೇಲೆ ಕಂಪನಿ ಇಟ್ಟ ಹೆಸರೂ ಇರುತ್ತದೆ: ಎನ್ವಾಸ್, ಕಾರ್ಡೇಸ್, ಲಿಸ್ಟ್ರಿಲ್. ಔಷಧದ ಮೂಲ ಹೆಸರು ಬೇರೆ. ಹತ್ತು ಮಾತ್ರೆಯ ಪಟ್ಟಿಯನ್ನು ಕತ್ತರಿಸಿ ಐದೇ ಕೊಂಡವರ ಕೈಯಲ್ಲಿ ಆ ಹೆಸರಿನ ಅರ್ಧ ಮಾತ್ರ ಉಳಿದಿರುತ್ತದೆ. ಹಾಗಾಗಿ ಮನೆಗೆ ಫೋನ್ ಮಾಡಿ ಮಾತ್ರೆ ಡಬ್ಬಿಯ ಫೋಟೊ ತರಿಸಿಕೊಳ್ಳುವುದೇ ಲೇಸು. ವಾಟ್ಸ್ಯಾಪ್‌ನಲ್ಲಿ ಎರಡು ನಿಮಿಷದ ಕೆಲಸ. ಹುಡುಕಬೇಕಾದದ್ದು 'ಪ್ರಿಲ್' ಎಂದು ಕೊನೆಯಾಗುವ ಹೆಸರನ್ನು.

ಸಕ್ಕರೆ ಕಾಯಿಲೆಯ ಮಾತ್ರೆಯನ್ನೂ ನೋಡಬೇಕು. ವಿಲ್ಡಾಗ್ಲಿಪ್ಟಿನ್‌ನಂಥ 'ಗ್ಲಿಪ್ಟಿನ್' ಔಷಧವನ್ನು ಎಸಿಇ ತಡೆಯುವ ಮಾತ್ರೆಯ ಜೊತೆ ತಿಂದವರಲ್ಲಿ ಊತದ ಸಂಭವ ಹೆಚ್ಚೆಂದು 2009ರ ಒಂದು ವಿಶ್ಲೇಷಣೆ ತೋರಿಸಿತು. 2019ರ ಕೊನೆಯಲ್ಲಿ ವಿಲ್ಡಾಗ್ಲಿಪ್ಟಿನ್‌ನ ಪೇಟೆಂಟ್ ಮುಗಿದ ಮೇಲೆ ಭಾರತದಲ್ಲಿ ಅದರ ಬೆಲೆ ಬಿದ್ದು ಹಳ್ಳಿಯ ಮನೆಗಳಿಗೂ ಬಂದಿದೆ. ಬಡವರಿಗೆ ಇದು ಒಳ್ಳೆಯದೇ. ಎರಡೂ ಒಂದೇ ಡಬ್ಬಿಯಲ್ಲಿದ್ದಾಗ ಮಾತ್ರ ಎಚ್ಚರ ಬೇಕು.

ಇದನ್ನು ಓದಿ ಯಾರೂ ಮಾತ್ರೆ ಬಿಸಾಡಬಾರದು. ಹೃದಯ ಸೋತವರಲ್ಲಿ ಎನಲಾಪ್ರಿಲ್ ಸಾವನ್ನು ಕಡಿಮೆಮಾಡುತ್ತದೆಂದು 1987ರ ಕನ್ಸೆನ್ಸಸ್ ಅಧ್ಯಯನ, ಅಪಾಯದಂಚಿನವರಿಗೆ ರಾಮಿಪ್ರಿಲ್‌ನಿಂದ ಲಾಭವಿದೆಯೆಂದು 2000ದ ಹೋಪ್ ಅಧ್ಯಯನ ತೋರಿಸಿಕೊಟ್ಟಿವೆ. ಸಾವಿರದಲ್ಲಿ ಹೆಚ್ಚೆಂದರೆ ಏಳು ಮಂದಿಗೆ ಊತ ತರುವ ಔಷಧ ಇದು. ಊತ ಬಂದವರು ಬಿಡಬೇಕು, ಬಾರದವರು ಮುಂದುವರಿಸಬೇಕು.

ಮೊದಲ ನಿಮಿಷಗಳು

ಕಾರಣ ಹುಡುಕುವುದು ಎರಡನೆಯ ಕೆಲಸ, ಉಸಿರು ಮೊದಲನೆಯದು. ದನಿ ಬದಲಾಗಿದೆಯೇ, ಜೊಲ್ಲು ನುಂಗಲಾಗದೆ ಸುರಿಯುತ್ತಿದೆಯೇ, ಉಸಿರೆಳೆಯುವಾಗ ಕೊರಕೊರ ಸದ್ದು ಬರುತ್ತಿದೆಯೇ, ರೋಗಿ ಮುಂದಕ್ಕೆ ಬಾಗಿ ಕೂರಲು ಹಂಬಲಿಸುತ್ತಿದ್ದಾರೆಯೇ? ಇವುಗಳಲ್ಲಿ ಒಂದು ಕಂಡರೂ ಸಮಯ ಕಡಿಮೆ ಎಂದರ್ಥ. ಆಮ್ಲಜನಕದ ಅಂಕಿ ಶೇ. 98 ಇದೆ ಎಂದು ಸಮಾಧಾನಪಡುವಂತಿಲ್ಲ. ದಾರಿ ಮುಚ್ಚುವ ಕೊನೆಯ ಗಳಿಗೆವರೆಗೂ ಅದು ಚೆನ್ನಾಗಿಯೇ ಇರಬಹುದು. ರೋಗಿಯನ್ನು ಕೂರಿಸಬೇಕು. ಅಂಗಾತ ಮಲಗಿಸಿದರೆ ಊದಿದ ನಾಲಿಗೆ ಹಿಂದಕ್ಕೆ ಜಾರುತ್ತದೆ. ಬಾಯಿಗೆ ನೀರು, ಮಜ್ಜಿಗೆ, ಮಾತ್ರೆ ಏನೂ ಬೇಡ.

ಗಂಧೆ, ಉಬ್ಬಸ, ಬೀಪಿ ಕುಸಿತ, ಕಚ್ಚಿದ ಗುರುತು, ಈಗಷ್ಟೇ ಕೊಟ್ಟ ಇಂಜೆಕ್ಷನ್, ಇವುಗಳಲ್ಲಿ ಏನಾದರೂ ಇದ್ದರೆ ಕೂಡಲೇ ಅಡ್ರಿನಲಿನ್. ವಯಸ್ಕರಿಗೆ 1 ಮಿ.ಲೀ.ಗೆ 1 ಮಿ.ಗ್ರಾಂ ಇರುವ ಆಂಪ್ಯೂಲ್‌ನಿಂದ ಅರ್ಧ ಮಿ.ಲೀ., ತೊಡೆಯ ಹೊರಬದಿಯ ಮಧ್ಯಭಾಗದ ಸ್ನಾಯುವಿಗೆ. ಮಕ್ಕಳಿಗೆ ಕಿಲೊ ತೂಕಕ್ಕೆ 0.01 ಮಿ.ಗ್ರಾಂ. ಐದು ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ. ತೊಡೆಯೇ ಏಕೆ ಎಂಬುದಕ್ಕೆ ಕೆನಡಾದ ಸೈಮನ್ಸ್ ಅವರ 1998ರ ಅಧ್ಯಯನ ಉತ್ತರ ಕೊಡುತ್ತದೆ: ಮಕ್ಕಳಲ್ಲಿ ತೊಡೆಯ ಸ್ನಾಯುವಿಗೆ ಕೊಟ್ಟ ಔಷಧ ರಕ್ತದಲ್ಲಿ ಗರಿಷ್ಠ ಮಟ್ಟ ಮುಟ್ಟಲು ಸರಾಸರಿ 8 ನಿಮಿಷ ಬೇಕಾಯಿತು, ಚರ್ಮದಡಿ ಕೊಟ್ಟದ್ದಕ್ಕೆ 34 ನಿಮಿಷ. ಏವಿಲ್ ಮೊದಲು ಕೊಟ್ಟು ಅಡ್ರಿನಲಿನ್‌ಗೆ ಕಾಯುವುದು ತಲೆಕೆಳಗಾದ ಕ್ರಮ. ಏವಿಲ್ ತುರಿಕೆ ಇಳಿಸುತ್ತದೆ, ಉಸಿರಿನ ದಾರಿ ತೆರೆಯುವುದಿಲ್ಲ.

ಯಾವ ಬಗೆಯ ಊತ ಎಂದು ಗೊತ್ತಾಗದಿದ್ದರೆ? ಆಗಲೂ ಅಡ್ರಿನಲಿನ್ ಕೊಡಬೇಕು. ಬ್ರಾಡಿಕೈನಿನ್ ಊತಕ್ಕೆ ಅದು ನಾಟುವುದು ಕಡಿಮೆ, ಆದರೆ ಅಲರ್ಜಿಯ ಊತಕ್ಕೆ ಕೊಡದೆ ಹೋದರೆ ಆಗುವ ನಷ್ಟ ದೊಡ್ಡದು. ಎರಡು ಡೋಸಿಗೂ ಬಗ್ಗದ ಊತ ಸ್ವತಃ ಒಂದು ಸುಳಿವು: ಮಾತ್ರೆ ಡಬ್ಬಿಯ ಕಡೆ ತಿರುಗಬೇಕಾದ ಹೊತ್ತು ಅದು.

ಬ್ರಾಡಿಕೈನಿನ್ ಊತಕ್ಕೆ ತಾಲ್ಲೂಕು ಆಸ್ಪತ್ರೆಯಲ್ಲಿ ಏನಿದೆ? ಇಕಾಟಿಬಾಂಟ್, ಸಿ1 ಇನ್‌ಹಿಬಿಟರ್‌ಗಳು ನಮ್ಮ ಔಷಧ ಕೋಣೆಯ ಸರಕಲ್ಲ. ಎಸಿಇ ಮಾತ್ರೆಯ ಊತದಲ್ಲಿ ಇಕಾಟಿಬಾಂಟ್‌ನ ಫಲವೂ ವಿವಾದದಲ್ಲಿದೆ. 2015ರ ಜರ್ಮನ್ ಅಧ್ಯಯನ ಅದನ್ನು ಹೊಗಳಿತು, 2017ರ ದೊಡ್ಡ ಅಧ್ಯಯನದಲ್ಲಿ ಲಾಭ ಕಾಣಲಿಲ್ಲ. ಹೆರಿಗೆ ಕೋಣೆಯಲ್ಲಿ ರಕ್ತಸ್ರಾವಕ್ಕೆಂದು ಇಟ್ಟ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರ ಎಲ್ಲೆಡೆ ಸಿಗುತ್ತದೆ. ಬ್ರಾಡಿಕೈನಿನ್ ಹುಟ್ಟಿಸುವ ಸರಪಳಿಯನ್ನು ಪ್ಲಾಸ್ಮಿನ್ ಚುರುಕುಗೊಳಿಸುತ್ತದೆ, ಈ ಔಷಧ ಪ್ಲಾಸ್ಮಿನ್ ಅನ್ನು ತಗ್ಗಿಸುತ್ತದೆ. ಫ್ರಾನ್ಸಿನಲ್ಲಿ ಹಳೆಯ ದಾಖಲೆಗಳನ್ನು ನೋಡಿ 2018ರಲ್ಲಿ ಪ್ರಕಟಿಸಿದ ವರದಿಯಲ್ಲಿ ಇದನ್ನು ಪಡೆದ 33 ಮಂದಿಯಲ್ಲಿ 27 ಮಂದಿ ಬೇರೆ ವಿಶೇಷ ಔಷಧವಿಲ್ಲದೆ ಸುಧಾರಿಸಿದರು. ಹೋಲಿಕೆಗೆ ಇನ್ನೊಂದು ಗುಂಪು ಅದರಲ್ಲಿಲ್ಲ, ಊತ ತಾನಾಗಿಯೂ ಇಳಿಯುವಂಥದ್ದು. ಇದು ದುರ್ಬಲ ಆಧಾರ. ಆದರೂ ನಿಧಾನವಾಗಿ ರಕ್ತನಾಳಕ್ಕೆ 1 ಗ್ರಾಂ ಕೊಡುವುದರಲ್ಲಿ ಅಪಾಯ ಕಡಿಮೆ, ಖರ್ಚೂ ಕಡಿಮೆ. ಕೊಡಬಹುದೆಂಬುದು ನನ್ನ ಅಭಿಪ್ರಾಯ, ಅದನ್ನು ನಂಬಿ ರೋಗಿಯನ್ನು ಕಳಿಸುವುದನ್ನು ತಡಮಾಡುವಂತಿಲ್ಲ ಎಂಬ ಷರತ್ತಿನೊಂದಿಗೆ. ಹೆಪ್ಪುಗಟ್ಟಿಸಿಟ್ಟ ತಾಜಾ ಪ್ಲಾಸ್ಮಾದಲ್ಲಿ ಬ್ರಾಡಿಕೈನಿನ್ ಒಡೆಯುವ ಕಿಣ್ವವಿದೆ. ಅದನ್ನು ಕೊಡಲು ರಕ್ತನಿಧಿ ಇರುವ ಕಡೆಗೇ ಹೋಗಬೇಕು.

ಯಾರನ್ನು, ಯಾವಾಗ, ಯಾರ ಜೊತೆ ಕಳಿಸುವುದು

ಇಷೂ ಮತ್ತು ಸಂಗಡಿಗರು 1999ರಲ್ಲಿ ಮಾಡಿದ ವಿಂಗಡಣೆ ಇಲ್ಲಿ ನೆರವಿಗೆ ಬರುತ್ತದೆ. ಮುಖ, ತುಟಿ, ಮೃದು ಅಂಗುಳದಷ್ಟಕ್ಕೆ ನಿಂತ ಊತದಲ್ಲಿ ಉಸಿರಿನ ದಾರಿಗೆ ನಳಿಕೆ ಬೇಕಾಗಲಿಲ್ಲ. ನಾಲಿಗೆ ಊದಿದವರಲ್ಲಿ ನೂರಕ್ಕೆ 7 ಮಂದಿಗೆ, ಧ್ವನಿಪೆಟ್ಟಿಗೆ ಊದಿದವರಲ್ಲಿ ನೂರಕ್ಕೆ 24 ಮಂದಿಗೆ ಬೇಕಾಯಿತು. ತುಟಿ ಮಾತ್ರ ಊದಿದವರನ್ನು ತಾಲ್ಲೂಕಿನಲ್ಲೇ ಕೂರಿಸಿ ಗಮನಿಸಬಹುದು. ನಾಲಿಗೆ ಊದಿದವರನ್ನು ದನಿ ಚೆನ್ನಾಗಿರುವಾಗಲೇ ಕಳಿಸುವುದು ಸರಿ.

ಹೊಸಕೋಟೆಯ ಎಂ.ವಿ.ಜೆ., ದೇವನಹಳ್ಳಿಯ ಆಕಾಶ್, ನೆಲಮಂಗಲದ ಟಿ. ಬೇಗೂರಿನ ಸಿದ್ಧಾರ್ಥ, ಈ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳು ಜಿಲ್ಲೆಯೊಳಗೇ ಇವೆ. ದೊಡ್ಡಬಳ್ಳಾಪುರದಿಂದ ಬೆಂಗಳೂರಿನ ನಡುಭಾಗಕ್ಕೆ ಸುಮಾರು 40 ಕಿ.ಮೀ.; ಯಲಹಂಕ ದಾಟಿ ಹೆಬ್ಬಾಳದ ವಾಹನದಟ್ಟಣೆಯಲ್ಲಿ ಸಿಕ್ಕ ಆಂಬುಲೆನ್ಸಿಗೆ ಕಿಲೊಮೀಟರಿನ ಲೆಕ್ಕ ಅರ್ಥ ಕಳೆದುಕೊಳ್ಳುತ್ತದೆ. ಹತ್ತಿರದಲ್ಲಿ ಅರಿವಳಿಕೆ ತಜ್ಞರೂ ಕಿವಿ-ಮೂಗು-ಗಂಟಲು ತಜ್ಞರೂ ಆ ಹೊತ್ತಿನಲ್ಲಿ ಎಲ್ಲಿದ್ದಾರೆಂದು ಫೋನಿನಲ್ಲಿ ವಿಚಾರಿಸಿ ಹೊರಡಿಸಬೇಕು. 2008ರ ನವೆಂಬರಿನಿಂದ ರಾಜ್ಯದಲ್ಲಿ ಓಡುತ್ತಿರುವ 108ರ ಸಿಬ್ಬಂದಿಗೆ ಒಂದು ಮಾತು ಸ್ಪಷ್ಟವಾಗಿ ಹೇಳಿ ಕಳಿಸಬೇಕು: ಸ್ಟ್ರೆಚರಿನ ತಲೆಭಾಗ ಎತ್ತಿಡಿ, ಮಲಗಿಸಬೇಡಿ.

ದಾರಿ ಮುಚ್ಚಿಯೇ ಹೋದರೆ ಉಳಿಯುವುದು ಕತ್ತಿನ ಮುಂಭಾಗ. ಬಾಯಿಯಿಂದ ಮತ್ತೆ ಮತ್ತೆ ಲ್ಯಾರಿಂಗೊಸ್ಕೋಪ್ ತೂರಿಸಿದರೆ ರಕ್ತ ಬಂದು, ಊತ ಹೆಚ್ಚಿ, ಇದ್ದ ಸಂದೂ ಮುಚ್ಚುತ್ತದೆ. ಗಂಟಲಮಣಿಯ ಕೆಳಗೆ ಬೆರಳಿಗೆ ಸಿಗುವ ತಗ್ಗಿನಲ್ಲಿ ಪೊರೆಯನ್ನು ಸೀಳಿ, ಬೂಜಿ ಇಳಿಸಿ, ಅದರ ಮೇಲಿಂದ 6 ಮಿ.ಮೀ. ನಳಿಕೆ ಜಾರಿಸುವ ವಿಧಾನವನ್ನು ಬ್ರಿಟನ್ನಿನ ತಜ್ಞರ ಸಂಘ 2015ರಲ್ಲಿ ಸರಳಗೊಳಿಸಿ ಕೊಟ್ಟಿದೆ. ಬೇಕಾದದ್ದು 10ನೇ ನಂಬರಿನ ಬ್ಲೇಡು, ಬೂಜಿ, ನಳಿಕೆ. ಮೂರೂ ಒಂದೇ ಪೊಟ್ಟಣದಲ್ಲಿ, ತುರ್ತು ಕೋಣೆಯ ಗೋಡೆಗೆ ತೂಗುಹಾಕಿರಬೇಕು. ಬೀಗ ಹಾಕಿದ ಬೀರುವಿನಲ್ಲಿಟ್ಟರೆ ಇಲ್ಲದಂತೆಯೇ.

ದಪ್ಪವೆನಿಸಿದ ನಾಲಿಗೆಯೆಲ್ಲ ಊದಿದ್ದಲ್ಲ

ಈ ಜಿಲ್ಲೆಯಲ್ಲಿ ಇದನ್ನು ಒತ್ತಿ ಹೇಳಬೇಕು. "ನಾಲಿಗೆ ದಪ್ಪ ಆಗೈತೆ, ಹೊರಳ್ತಿಲ್ಲ" ಎಂದು ನಸುಕಿನಲ್ಲಿ ಬಂದ ವ್ಯಕ್ತಿಯ ಬಾಯಿ ತೆರೆಸಿ ನೋಡಿದರೆ ನಾಲಿಗೆ ಎಂದಿನಂತೆಯೇ ಇರಬಹುದು. ಆಗ ರೆಪ್ಪೆ ನೋಡಬೇಕು. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ಗುರುತು ಕಾಣದಷ್ಟು ಸಣ್ಣದು, ನೋವೂ ಊತವೂ ಇಲ್ಲದಂತೆ. ಹೊಟ್ಟೆನೋವು, ಜೋಲುಬಿದ್ದ ರೆಪ್ಪೆ, ತೊದಲು, ನುಂಗಲಾಗದ ಜೊಲ್ಲು: ಇದು ನರಗಳ ಸೋಲು. ಇವರನ್ನು ಅಲರ್ಜಿ ಎಂದು ಏವಿಲ್ ಕೊಟ್ಟು ಮಲಗಿಸಿದರೆ ಉಸಿರು ನಿಲ್ಲುವುದು ನಿದ್ದೆಯಲ್ಲೇ. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ. ಗುರುತಿಲ್ಲದ ಕಡಿತಗಳೂ ಆ ಲೆಕ್ಕಕ್ಕೆ ಸೇರಬೇಕಾದರೆ ರೆಪ್ಪೆ ನೋಡುವ ಅಭ್ಯಾಸ ಬೇಕು.

ವಾಂತಿಗೆಂದು ಮೆಟೊಕ್ಲೊಪ್ರಮೈಡ್ ಪಡೆದ ಹರೆಯದವರು ಮರುದಿನ ನಾಲಿಗೆ ಹೊರಚಾಚಿ, ಕತ್ತು ತಿರುಚಿಕೊಂಡು ಬರುತ್ತಾರೆ. ನೋಡಿದವರಿಗೆ ಭಯ ಹುಟ್ಟಿಸುವ ಈ ಸೆಳೆತ ಪ್ರೊಮೆಥಜಿನ್ ಕೊಟ್ಟ ಅರ್ಧ ಗಂಟೆಯೊಳಗೆ ಸಾಮಾನ್ಯವಾಗಿ ಬಿಡುತ್ತದೆ. ಪಾರ್ಶ್ವವಾಯುವಿನ ತೊದಲನ್ನೂ ಮರೆಯುವಂತಿಲ್ಲ.

ಇನ್ನು ಕೆಲವು ನಿಜವಾದ ಊತಗಳಿಗೂ ಬ್ರಾಡಿಕೈನಿನ್‌ಗೂ ಸಂಬಂಧವಿಲ್ಲ. ಹುಳುಕು ದವಡೆಹಲ್ಲಿನ ಕೀವು ಬಾಯಿಯ ತಳಕ್ಕಿಳಿದರೆ ಗಲ್ಲದಡಿ ಗಟ್ಟಿಯಾಗಿ ನಾಲಿಗೆ ಮೇಲಕ್ಕೊತ್ತುತ್ತದೆ, ಜ್ವರವಿರುತ್ತದೆ. 1836ರಲ್ಲಿ ಲುಡ್‌ವಿಗ್ ವಿವರಿಸಿದ ಈ ಸೋಂಕಿಗೆ ಆಂಟಿಬಯಾಟಿಕ್ ಮತ್ತು ಶಸ್ತ್ರಚಿಕಿತ್ಸೆ ಬೇಕು. ಸರಿಯಾಗಿ ಬೇಯದ ಕೆಸು, ಸುವರ್ಣಗೆಡ್ಡೆ, ಮನೆಯಂಗಳದ ಕುಂಡದಲ್ಲಿ ಬೆಳೆಸುವ ಡೈಫೆನ್‌ಬೇಕಿಯಾದ ಎಲೆ, ಇವುಗಳಲ್ಲಿನ ಕ್ಯಾಲ್ಸಿಯಂ ಆಕ್ಸಲೇಟ್ ಸೂಜಿಗಳು ಮಕ್ಕಳ ಬಾಯಿಗೆ ಚುಚ್ಚಿ ಉರಿ, ಊತ ತರುತ್ತವೆ. ಬಾಯಿ ತೊಳೆದು ತಣ್ಣನೆಯದು ಕೊಟ್ಟು ಗಮನಿಸಿದರೆ ಬಹುಪಾಲು ಇಳಿಯುತ್ತದೆ. ಹೆಜ್ಜೇನು ಬಾಯೊಳಗೆ ಕಚ್ಚಿದಾಗ ಮಾತ್ರ ಅಲರ್ಜಿ ಇಲ್ಲದವರಲ್ಲೂ ನಾಲಿಗೆ ದಾರಿ ಮುಚ್ಚಬಹುದು.

ಚಿಕಿತ್ಸೆಯೇ ತರುವ ಊತ

ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ ಕುದುರೆಯ ರಕ್ತದಿಂದ ತಯಾರಾದದ್ದು. ಅದರಿಂದ ಅಲರ್ಜಿ ಬರುವುದು ಸಾಮಾನ್ಯ, ಬಹುಪಾಲು ಮೊದಲ ಮೂರು ಗಂಟೆಯೊಳಗೆ. ಆ ಭಯಕ್ಕೆ ಪ್ರತಿವಿಷ ಕೊಡದೆ ಮುಂದಿನ ಊರಿಗೆ ಕಳಿಸುವುದು ತಪ್ಪು. ಅಡ್ರಿನಲಿನ್ ಸಿರಿಂಜಿನಲ್ಲಿ ತುಂಬಿಸಿ ಹಾಸಿಗೆ ಬಳಿ ಇಟ್ಟುಕೊಂಡು ಶುರುಮಾಡಿ, ತುಟಿ ಊದಿದರೆ ಡ್ರಿಪ್ ನಿಲ್ಲಿಸಿ, ಅಡ್ರಿನಲಿನ್ ಕೊಟ್ಟು, ಸುಧಾರಿಸಿದ ಮೇಲೆ ನಿಧಾನವಾಗಿ ಮುಂದುವರಿಸಬೇಕು.

ಮತ್ತೊಂದು ಹೊಸದು. ಹೃದಯಾಘಾತಕ್ಕೆ ಟೆನೆಕ್ಟೆಪ್ಲೇಸ್ ಕೊಡುವ ವ್ಯವಸ್ಥೆಯನ್ನು ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ತಾಲ್ಲೂಕು ಮಟ್ಟಕ್ಕೆ ತಂದಿದೆ. ಹೆಪ್ಪು ಕರಗಿಸುವ ಈ ಗುಂಪಿನ ಔಷಧಗಳೂ ಪ್ಲಾಸ್ಮಿನ್ ಮೂಲಕ ಬ್ರಾಡಿಕೈನಿನ್ ಏರಿಸುತ್ತವೆ. ಪಾರ್ಶ್ವವಾಯುವಿಗೆ ಆಲ್ಟೆಪ್ಲೇಸ್ ಪಡೆದವರಲ್ಲಿ ನೂರಕ್ಕೆ 1ರಿಂದ 5 ಮಂದಿಗೆ ನಾಲಿಗೆ, ತುಟಿ ಊದುತ್ತದೆ, ಎಸಿಇ ಮಾತ್ರೆ ತಿನ್ನುವವರಲ್ಲಿ ಹೆಚ್ಚು. ಹೃದಯಕ್ಕಾಗಲಿ ಮಿದುಳಿಗಾಗಲಿ ಈ ಔಷಧ ಕೊಟ್ಟ ಮೊದಲ ಎರಡು ಗಂಟೆ ಇಸಿಜಿ ನೋಡುವಷ್ಟೇ ಶ್ರದ್ಧೆಯಿಂದ ಬಾಯಿಯನ್ನೂ ನೋಡಬೇಕು.

ಮನೆತನದ ಊತ

ಹದಿಹರೆಯದಿಂದಲೇ ಕೈ, ಮುಖ, ನಾಲಿಗೆ ಆಗಾಗ ಊದಿ ಎರಡರಿಂದ ಐದು ದಿನ ಇದ್ದು ಇಳಿಯುವುದು, ನಡುನಡುವೆ ಕಾರಣ ಸಿಗದ ಹೊಟ್ಟೆನೋವು, "ನಮ್ಮ ಚಿಕ್ಕಪ್ಪನೂ ಹಿಂಗೇ ಗಂಟಲು ಕಟ್ಟಿ ಹೋದ್ರು" ಎಂಬ ಮಾತು, ಇಷ್ಟು ಸೇರಿದರೆ ಆಸ್ಲರ್ ಹೇಳಿದ ಕಾಯಿಲೆಯನ್ನು ನೆನೆಯಬೇಕು. ಸುಮಾರು 50,000 ಮಂದಿಗೊಬ್ಬರಲ್ಲಿ ಕಾಣುವ ಇದರ ಮೂಲ ಸಿ1 ಇನ್‌ಹಿಬಿಟರ್‌ನ ಕೊರತೆ ಎಂದು 1963ರಲ್ಲಿ ಡೊನಾಲ್ಡ್‌ಸನ್ ಮತ್ತು ಇವಾನ್ಸ್ ಕಂಡುಕೊಂಡರು. ಸಿ4 ಎಂಬ ರಕ್ತ ಪರೀಕ್ಷೆಯಿಂದ ಶೋಧ ಆರಂಭಿಸಬಹುದು. ಹಲ್ಲು ಕೀಳಿಸುವುದೂ ಇವರಲ್ಲಿ ಗಂಟಲ ಊತಕ್ಕೆ ನೆಪವಾಗುತ್ತದೆ. ಈ ಮನೆಯವರು ದಂತವೈದ್ಯರಿಗೆ ಮೊದಲೇ ಹೇಳಬೇಕು. ಎಸಿಇ ಮಾತ್ರೆ ಇವರಿಗೆ ಕೂಡದು.

ಊತ ಇಳಿದು ಮನೆಗೆ ಹೊರಟವರ ಚೀಟಿ

ಬಿಡುಗಡೆಯ ಚೀಟಿಯಲ್ಲಿ 'ಅಲರ್ಜಿ' ಎಂಬ ಒಂದು ಪದದ ಬದಲು ಹೀಗೆ ಬರೆಯಬಹುದು: "ರಾಮಿಪ್ರಿಲ್‌ನಿಂದ ನಾಲಿಗೆ ಊತ. ಎನಲಾಪ್ರಿಲ್, ಲಿಸಿನೊಪ್ರಿಲ್, ರಾಮಿಪ್ರಿಲ್, 'ಪ್ರಿಲ್' ಎಂದು ಮುಗಿಯುವ ಯಾವ ಮಾತ್ರೆಯೂ ಜೀವನಪರ್ಯಂತ ಬೇಡ." ಕನ್ನಡದಲ್ಲೇ ಬರೆಯಬೇಕು, ಮನೆಯ ಮಗನೋ ಸೊಸೆಯೋ ಮೆಡಿಕಲ್ ಅಂಗಡಿಯವರಿಗೆ ಓದಿ ಹೇಳುವಂತೆ. ಒಂದು ಎಸಿಇ ಮಾತ್ರೆ ಬಿಡಿಸಿ ಇನ್ನೊಂದನ್ನು ಕೊಡುವುದು ಅದೇ ಅಪಾಯವನ್ನು ಬೇರೆ ಹೆಸರಿನಲ್ಲಿ ಕೊಟ್ಟಂತೆ. ಬರಿಯ ಬೀಪಿಗಾದರೆ ಅಮ್ಲೊಡಿಪಿನ್ ಇದೆ. ಹೃದಯಕ್ಕೋ ಮೂತ್ರಪಿಂಡಕ್ಕೋ ಬೇಕಾದವರಿಗೆ ಟೆಲ್ಮಿಸಾರ್ಟಾನ್ ಗುಂಪನ್ನು ಎಚ್ಚರದಿಂದ ಕೊಡಬಹುದು, ಬಹುಪಾಲು ಮಂದಿಗೆ ಅದು ಒಗ್ಗುತ್ತದೆ. ಸಕುಬಿಟ್ರಿಲ್ ಇರುವ ಹೊಸ ಮಾತ್ರೆ ಮಾತ್ರ ಹೀಗೆ ಒಮ್ಮೆ ಊದಿದವರಿಗೆ ಸಲ್ಲದು.

ಮಾತ್ರೆ ಬಿಟ್ಟ ಮೊದಲ ವಾರಗಳಲ್ಲಿ ಮತ್ತೊಮ್ಮೆ ಊದಬಹುದೆಂದು ಮೊದಲೇ ತಿಳಿಸಿದ್ದರೆ ಹೊಸ ಮಾತ್ರೆಯ ಮೇಲೆ ಅಪವಾದ ಬರುವುದಿಲ್ಲ. ಪ್ರತಿ ಪ್ರಕರಣವನ್ನೂ 2010ರಲ್ಲಿ ಆರಂಭವಾದ ಭಾರತೀಯ ಔಷಧ ಜಾಗೃತಿ ಕಾರ್ಯಕ್ರಮಕ್ಕೆ ವರದಿಮಾಡಬೇಕು. ಉಚಿತ ಸಹಾಯವಾಣಿ 1800-180-3024. ವೈದ್ಯರಷ್ಟೇ ಅಲ್ಲ, ದಾದಿಯರು, ಔಷಧ ವಿತರಕರು, ರೋಗಿಯ ಮನೆಯವರೂ ಅದಕ್ಕೆ ಕರೆಮಾಡಬಹುದು.